ಬಸುರಿ ಅಂತ ಗೊತ್ತಿಲ್ಲದೆ ಬಿಯರ್ ಕುಡಿದಿದ್ದಾಳೆ, ಈಗ ಏಳು ವಾರ. ಮಗುವಿಗೆ ತೊಂದರೆ ಆಗುತ್ತಾ?

ನಿಟ್ಟುವಳ್ಳಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಬೆಂಗಳೂರಲ್ಲಿ ಕೆಲಸ ಮಾಡುತ್ತಾಳೆ. ಹೋದ ವಾರ ಟೆಸ್ಟ್ ಮಾಡಿಸಿದರೆ ಏಳು ವಾರದ ಬಸುರಿ ಅಂತ ಬಂತು. ದಾವಣಗೆರೆಗೆ ಬಂದವಳು ಮೊದಲು ನನ್ನ ಹತ್ತಿರ ಕೂತು ಅತ್ತಳು. ಬಸುರಿ ಅಂತ ಗೊತ್ತಾಗುವ ಮೊದಲು ಆಫೀಸ್ ಪಾರ್ಟಿಯಲ್ಲಿ ಬಿಯರ್ ಕುಡಿದಿದ್ದಾಳೆ, ಆಮೇಲೆ ಗೆಳತಿಯ ಮನೆಯಲ್ಲಿ ವೈನ್. ಗೊತ್ತಾದ ದಿನದಿಂದ ಮುಟ್ಟಿಲ್ಲ.

ವಿಷಯ ಹೇಗೋ ಅತ್ತಿಗೆ ಕಿವಿಗೆ ಬಿತ್ತು. "ಸುಮ್ನೆ ಯಾಕೆ ರಿಸ್ಕ್, ತೆಗೆಸಿಬಿಡಿ" ಅನ್ನುತ್ತಾರೆ. ತಂಗಿಯ ಗಂಡ "ಬಿಯರ್ ತಾನೇ, ಏನೂ ಆಗಲ್ಲ" ಅನ್ನುತ್ತಾರೆ. ಯಾರ ಮಾತು ನಂಬಬೇಕು? ತಿಳಿದವರು ಹೇಳಿ. ಹೆಣ್ಣುಮಕ್ಕಳು ಕುಡಿಯೋದು ಸರಿನಾ ತಪ್ಪಾ ಅನ್ನೋ ಚರ್ಚೆ ಇಲ್ಲಿ ಬೇಡ. ಅವಳು ಈಗಾಗಲೇ ಸರಿಯಾಗಿ ಊಟ ಮಾಡುತ್ತಿಲ್ಲ.

ಹರಿಹರ ಸೇತುವೆ:
ಅಕ್ಕ, ಮೊದಲು ಅವಳಿಗೆ ಊಟ ಮಾಡಿಸಿ. ಆಮೇಲೆ ಡಾಕ್ಟರ್.

ಕೋಟೆ ಹುಡುಗ:
ಬೇಡ ಅಂದರೂ ಹೇಳುತ್ತೇನೆ. ಇದೆಲ್ಲ ಬೆಂಗಳೂರಿಗೆ ಹೋಗಿ ಕಲಿಯೋದು. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಹೆಣ್ಣುಮಕ್ಕಳು ಕುಡಿಯುತ್ತಾರಾ? ಇದು ವಿದೇಶದವರ ಕಾಯಿಲೆ.

ಜಗಳೂರು ಆಶಾ:
ತಮ್ಮಾ, ಕುಡಿಯುತ್ತಾರೆ. ನಾನು ಆಶಾ ಕೆಲಸದಲ್ಲಿ ದಿನಾ ಮನೆ ಮನೆ ತಿರುಗುತ್ತೇನೆ. ಕಟ್ಟಡ ಕೆಲಸ, ಇಟ್ಟಿಗೆ ಭಟ್ಟಿ, ಈರುಳ್ಳಿ ಕೀಳೋದು ಅಂತ ದಿನವಿಡೀ ಬಗ್ಗಿ ದುಡಿದು ಸಂಜೆ ಮೈಕೈ ನೋವಿಗೆ ಅಂತ ನೈಂಟಿ ಪ್ಯಾಕೆಟ್ ಕುಡಿಯುವ ಹೆಂಗಸರು ಇದ್ದಾರೆ. ಎಷ್ಟೋ ಮನೆಯಲ್ಲಿ ಗಂಡನೇ ತಂದುಕೊಡುತ್ತಾನೆ. ತಾಯಿ ಕಾರ್ಡ್ ಮಾಡಿಸುವಾಗ ಬಿಪಿ, ತೂಕ, ರಕ್ತ ಎಲ್ಲ ಬರೆದುಕೊಳ್ಳುತ್ತೇವೆ. ಕುಡಿಯುತ್ತೀಯಾ ಅಂತ ಕೇಳೋಕೆ ನಮಗೇ ಸಂಕೋಚ. ಕೇಳಿದರೂ ಅತ್ತೆ ಎದುರು ಯಾರು ಹೌದು ಅನ್ನುತ್ತಾರೆ?

ಹೆರಿಗೆ ಡಾಕ್ಟರ್:
ದಾವಣಗೆರೆಯಲ್ಲೇ ಬಹಳ ವರ್ಷದಿಂದ ಹೆರಿಗೆ ನೋಡುತ್ತಿದ್ದೇನೆ. ಅಕ್ಕನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ.

ಅತ್ತಿಗೆ ಹೇಳಿದ್ದು ಸರಿಯಲ್ಲ. ಗೊತ್ತಾಗುವ ಮೊದಲು ಒಂದೆರಡು ಸಲ ಕುಡಿದಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಗರ್ಭ ತೆಗೆಸಿ ಅಂತ ಯಾವ ಡಾಕ್ಟರೂ ಹೇಳಬಾರದು. ಹೀಗೆ ಹೇಳಿಕೊಂಡು ಬರುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಆಗುತ್ತವೆ. ತಂಗಿಯ ಗಂಡ ಹೇಳಿದ್ದೂ ಸರಿಯಲ್ಲ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವ ಅಳತೆ ಇಲ್ಲ. ಈ ತಿಂಗಳಲ್ಲಿ ಕುಡಿದರೆ ಪರವಾಗಿಲ್ಲ ಅನ್ನುವ ತಿಂಗಳೂ ಇಲ್ಲ.

ಒಳಗೆ ಏನು ನಡೆಯುತ್ತೆ ಅಂದರೆ, ತಾಯಿ ಕುಡಿದದ್ದು ಅವಳ ರಕ್ತಕ್ಕೆ ಸೇರಿ, ಮಾಸಿನ ಮೂಲಕ ಮಗುವಿಗೆ ಹೋಗುತ್ತದೆ. ಮಾಸು ಅದನ್ನು ತಡೆಯಲ್ಲ. ಸ್ವಲ್ಪ ಹೊತ್ತಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ತಾಯಿಯಷ್ಟೇ ಮದ್ಯಸಾರ ಇರುತ್ತದೆ. ನಮ್ಮ ಲಿವರ್ ಅದನ್ನು ಕರಗಿಸುತ್ತದೆ. ಮಗುವಿನ ಲಿವರ್‌ಗೆ ಆ ಶಕ್ತಿ ಇನ್ನೂ ಬಂದಿರಲ್ಲ. ಮಗು ತೇಲುವ ನೀರಲ್ಲೂ ಅದು ಸೇರಿಕೊಳ್ಳುತ್ತದೆ. ಆ ನೀರನ್ನೇ ಮಗು ನುಂಗುತ್ತದೆ, ಮೂತ್ರ ಮಾಡುತ್ತದೆ, ಮತ್ತೆ ನುಂಗುತ್ತದೆ. ತಾಯಿಗೆ ನಶೆ ಇಳಿದ ಮೇಲೂ ಮಗುವಿಗೆ ಬಿಡುಗಡೆ ಇಲ್ಲ.

ಗರ್ಭ ನಿಂತ ಮೇಲೆ ಮೂರನೇ ವಾರದಿಂದ ಎಂಟನೇ ವಾರದವರೆಗೆ ಹೃದಯ, ಮುಖ, ಕೈಕಾಲು ರೂಪುಗೊಳ್ಳುವ ಸಮಯ. ಮೆದುಳು ಮಾತ್ರ ಒಂಬತ್ತೂ ತಿಂಗಳು ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಇವತ್ತು ಬಿಟ್ಟರೂ ಲಾಭ ಇದೆ, ಏಳನೇ ತಿಂಗಳಲ್ಲಿ ಬಿಟ್ಟರೂ ಲಾಭ ಇದೆ. ನಿಮ್ಮ ತಂಗಿ ಬಿಟ್ಟಾಗಿದೆ. ಮಾಡಬೇಕಾದ್ದರಲ್ಲಿ ದೊಡ್ಡದನ್ನು ಮಾಡಿದ್ದಾಳೆ.

ನಿಟ್ಟುವಳ್ಳಿ ಅಕ್ಕ:
ಮೇಡಂ, ತುಂಬಾ ಉಪಕಾರ ಆಯಿತು. ಇದನ್ನು ಹಾಗೇ ಅವಳಿಗೆ ಓದಿ ಹೇಳಿದೆ. ಸ್ಕ್ಯಾನ್ ಮಾಡಿಸಿದರೆ ತೊಂದರೆ ಇದೆಯೋ ಇಲ್ಲವೋ ಗೊತ್ತಾಗುತ್ತಾ?

ಹೆರಿಗೆ ಡಾಕ್ಟರ್:
ಪೂರ್ತಿ ಗೊತ್ತಾಗಲ್ಲಮ್ಮ. ಹದಿನೆಂಟರಿಂದ ಇಪ್ಪತ್ತನೇ ವಾರದ ಹೊತ್ತಿಗೆ ಮಾಡುವ ದೊಡ್ಡ ಸ್ಕ್ಯಾನ್‌ನಲ್ಲಿ ಹೃದಯ, ಬೆನ್ನುಮೂಳೆ, ಕಿಡ್ನಿ ನೋಡುತ್ತೇವೆ. ಮಗು ಬೆಳೆಯುತ್ತಿದೆಯಾ, ತಲೆಯ ಅಳತೆ ಸರಿ ಇದೆಯಾ ಅಂತಲೂ ನೋಡುತ್ತೇವೆ. ಮುಂದೆ ಮಗು ಹೇಗೆ ಕಲಿಯುತ್ತೆ, ನೆನಪು ಹೇಗಿರುತ್ತೆ ಅನ್ನೋದು ಯಾವ ಸ್ಕ್ಯಾನ್‌ನಲ್ಲೂ ಕಾಣಲ್ಲ. ಆದರೂ ಮಾಡಿಸಿ. ನೋಡುವ ಡಾಕ್ಟರಿಗೆ ಏನು, ಯಾವಾಗ, ಎಷ್ಟು ಅಂತ ಮುಚ್ಚಿಡದೆ ಹೇಳಿ. ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಲ್ಲ ಅಂದರೆ ಇವತ್ತೇ ಶುರು ಮಾಡಿ. ಮದ್ಯ ಆ ಸತ್ವವನ್ನು ಮೈಗೆ ಹತ್ತಲು ಬಿಡಲ್ಲ.

ವಿದ್ಯಾನಗರ ರವೆ ಉಂಡೆ:
ಬಿಯರ್ ಹಗುರ ಅಲ್ವಾ ಮೇಡಂ? ಬಾರ್ಲಿ ನೀರಿನ ಥರ ಅಂತಾರೆ. ವಿಸ್ಕಿ ಆದರೆ ಅಪಾಯ.

ಬಾರ್ ಕ್ಯಾಷಿಯರ್, ಹೊಳಲ್ಕೆರೆ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನನ್ನ ಕೆಲಸವೇ ಇದು. ವಿಸ್ಕಿ ಬಾಟಲಿ ಮೇಲೆ ಶೇಕಡಾ 42.8 ಅಂತ ಇರುತ್ತದೆ. ಅಂದರೆ 30 ಎಂಎಲ್ ಪೆಗ್‌ನಲ್ಲಿ ಸುಮಾರು 13 ಎಂಎಲ್ ಶುದ್ಧ ಮದ್ಯಸಾರ. ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿ 650 ಎಂಎಲ್. ಶೇಕಡಾ 7 ಅಂತ ಹಿಡಿದರೂ 45 ಎಂಎಲ್ ಆಯಿತು. ಮೂರೂವರೆ ಪೆಗ್‌ಗೆ ಸಮ. ಜಗಳೂರು ಅಕ್ಕ ಹೇಳಿದ ನೈಂಟಿ ಪ್ಯಾಕೆಟ್‌ನಲ್ಲಿ ಇರೋ 90 ಎಂಎಲ್ ಪೈಕಿ ಮದ್ಯಸಾರ 39 ಎಂಎಲ್ ಅಷ್ಟೇ. ಕೂಲಿ ಹೆಂಗಸು ಪ್ಯಾಕೆಟ್ ಕುಡಿದರೆ ಮೂಗು ಮುರಿಯುತ್ತಾರೆ, ಬಿಯರ್ ಅಂದರೆ ಹಗುರ ಅನ್ನುತ್ತಾರೆ. ಒಳಗೆ ಹೋಗುವ ಸರಕು ಒಂದೇ.

ಹೆರಿಗೆ ಡಾಕ್ಟರ್:
ಲೆಕ್ಕ ಸರಿಯಾಗಿದೆ. ವೈನ್ ಕೂಡ ಹಾಗೇ. ದ್ರಾಕ್ಷಿ ರಸ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಒಂದೇ ಸಲ ಜಾಸ್ತಿ ಕುಡಿಯೋದು ಇನ್ನೂ ಕೆಟ್ಟದ್ದು.

ಶಾಮನೂರು ರೋಡ್:
ಮೇಡಂ, ಒಪ್ಪೋಕೆ ಆಗ್ತಿಲ್ಲ. ಫ್ರಾನ್ಸ್‌ನಲ್ಲಿ ಊಟದ ಜೊತೆ ವೈನ್ ಕುಡಿಯುತ್ತಾರೆ. ಅಲ್ಲಿ ಮಕ್ಕಳು ಚೆನ್ನಾಗಿಲ್ವಾ?

ಹಳೇ ಲೈಬ್ರರಿ:
ಫ್ರಾನ್ಸ್ ಹೆಸರು ತೆಗೆದಿದ್ದು ಒಳ್ಳೆಯದೇ ಆಯಿತು. ತಾಯಿ ಕುಡಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಆಗುವ ಈ ತೊಂದರೆಯನ್ನು ಮೊದಲು ಗುರುತಿಸಿ ಬರೆದವರಲ್ಲಿ ಒಬ್ಬರು ಫ್ರಾನ್ಸ್‌ನ ಡಾಕ್ಟರೇ. ನಾಂಟ್ ಊರಿನ ಪಾಲ್ ಲೆಮೊಯಿನ್, 1968ರಲ್ಲಿ. ಕುಡಿತದ ಚಟ ಇದ್ದ ಪೋಷಕರ 127 ಮಕ್ಕಳನ್ನು ನೋಡಿ ಬರೆದರು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಅನ್ನುವ ಇಬ್ಬರು ಡಾಕ್ಟರುಗಳು ಅದೇ ಲಕ್ಷಣ ಕಂಡು ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಫ್ರಾನ್ಸ್‌ನಲ್ಲಿ 2007ರಿಂದ ಪ್ರತಿ ಬಾಟಲಿ ಮೇಲೂ ಬಸುರಿ ಹೆಂಗಸಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಗುರುತು ಇಲ್ಲವೇ ಎಚ್ಚರಿಕೆಯ ಸಾಲು ಇರಲೇಬೇಕು.

ಇನ್ನೊಂದು ವಿಷಯ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ ದ್ರಾಕ್ಷಿ ತೋಟದ ಕೂಲಿಗಳಿಗೆ ಸಂಬಳದ ಒಂದು ಪಾಲನ್ನು ವೈನ್ ರೂಪದಲ್ಲೇ ಕೊಡುತ್ತಿದ್ದರು. ತಲೆಮಾರುಗಟ್ಟಲೆ ನಡೆಯಿತು. ಆ ಪದ್ಧತಿ ಹೋದರೂ ಕುಡಿತ ಉಳಿಯಿತು. ಲೋಕದಲ್ಲೇ ಈ ತೊಂದರೆ ಇರುವ ಮಕ್ಕಳು ಅತಿ ಹೆಚ್ಚು ಕಂಡುಬಂದ ಜಾಗಗಳಲ್ಲಿ ಅದೂ ಒಂದು. ವಿದೇಶದ ಕಾಯಿಲೆ ಅಂದ ಕೋಟೆ ಹುಡುಗನಿಗೆ ಇದು. ಇದು ಕೂಲಿಯ ಕಾಯಿಲೆಯೂ ಹೌದು.

ಕೋಟೆ ಹುಡುಗ:
ಸರ್, ಕೂಲಿಗೆ ಹೆಂಡ ಕೊಡುತ್ತಿದ್ದರು ಅನ್ನೋದು ಗೊತ್ತಿರಲಿಲ್ಲ. ಆದರೂ ನಮ್ಮಲ್ಲಿ ಇಂಥವರು ಎಷ್ಟು ಜನ ಇರಬಹುದು ಹೇಳಿ.

ಹಳೇ ಲೈಬ್ರರಿ:
2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ಕುಡಿಯುವವರು ಶೇಕಡಾ 1.3, ಗಂಡಸರು 18.8. ಕಡಿಮೆ ಅನಿಸುತ್ತದೆ. ಆದರೆ ನೂರಕ್ಕೆ ಒಂದು ಅಂದರೂ ಈ ದೇಶದಲ್ಲಿ ಲಕ್ಷಗಟ್ಟಲೆ ಹೆಂಗಸರು. ಅದೂ ಮನೆ ಬಾಗಿಲಿಗೆ ಬಂದವರ ಮುಂದೆ ಒಪ್ಪಿಕೊಂಡವರು ಮಾತ್ರ.

ಮಂಡಕ್ಕಿ ಮಿರ್ಚಿ:
ಇಷ್ಟೆಲ್ಲ ಓದಿ ಹೊಟ್ಟೆಯಲ್ಲಿ ಹೇಗೋ ಆಗ್ತಿದೆ. ಒಂದು ಬೇರೆ ಪ್ರಶ್ನೆ. ಬಾಣಂತಿಗೆ ಬ್ರಾಂದಿ ಕೊಡೋದು? ನಮ್ಮ ಅಜ್ಜಿ ಮೂರು ಹೆರಿಗೆಗೂ ಅಮ್ಮನಿಗೆ ಸ್ಟೀಲ್ ಲೋಟದಲ್ಲಿ ಎರಡು ಚಮಚ ಬ್ರಾಂದಿಗೆ ಬಿಸಿನೀರು ಬೆರೆಸಿ ಕೊಟ್ಟಿದ್ದಾರಂತೆ. ಶೀತ ಆಗದಿರಲಿ ಅಂತ. ಮುಂದಿನ ತಿಂಗಳು ನನ್ನ ಹೆರಿಗೆ. ಬಾಟಲಿ ತಂದಿಟ್ಟಿದ್ದಾರೆ.

ಚನ್ನಗಿರಿ ಅಡಿಕೆ ತೋಟ:
ನಮ್ಮ ಮನೆಯಲ್ಲೂ ಕೊಟ್ಟಿದ್ದರು. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಎಲ್ಲದಕ್ಕೂ ಹೆದರಿದರೆ ಹೇಗೆ?

ಹೆರಿಗೆ ಡಾಕ್ಟರ್:
ಬೇಡಮ್ಮ. ತಾಯಿಯ ರಕ್ತದಲ್ಲಿ ಇರುವಷ್ಟೇ ಮದ್ಯಸಾರ ಎದೆಹಾಲಲ್ಲೂ ಇರುತ್ತದೆ. ಹಾಲು ಇಳಿಯೋದೂ ಕಡಿಮೆ ಆಗುತ್ತದೆ. ಮೈ ಬೆಚ್ಚಗಾದ ಹಾಗೆ ಅನಿಸೋದು ಚರ್ಮದ ಹತ್ತಿರದ ರಕ್ತನಾಳ ಹಿಗ್ಗೋದರಿಂದ. ನಿಜದಲ್ಲಿ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ಅಜ್ಜಿಯ ಜೊತೆ ಜಗಳ ಬೇಡ. ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿಬಿಸಿ ಅನ್ನ ಮಾಡಿಕೊಡಿ ಅನ್ನಿ, ಖುಷಿಯಿಂದ ಮಾಡುತ್ತಾರೆ. ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲೂ ಹುಳಿ ಬಂದು ತಾನಾಗೇ ಹುಟ್ಟಿದ ಮದ್ಯಸಾರ ಇರುತ್ತದೆ. ಬಸುರಿಯಾಗಲಿ ಬಾಣಂತಿಯಾಗಲಿ ಕೇಳದೆ ಕುಡಿಯಬೇಡಿ.

ಚನ್ನಗಿರಿ ಅಡಿಕೆ ತೋಟ:
ಹಿಂದೆ ಡಾಕ್ಟರುಗಳೇ ಬಸುರಿಯರಿಗೆ ಮದ್ಯ ಕೊಡುತ್ತಿದ್ದರು ಅಂತ ಎಲ್ಲೋ ಓದಿದ್ದೇನೆ. ಅದಕ್ಕೇನಂತೀರಿ?

ಹೆರಿಗೆ ಡಾಕ್ಟರ್:
ನಿಜ. 1960, 70ರ ದಶಕದಲ್ಲಿ ದಿನ ತುಂಬುವ ಮೊದಲೇ ನೋವು ಬಂದರೆ ತಡೆಯೋಕೆ ಡ್ರಿಪ್‌ನಲ್ಲಿ ಮದ್ಯಸಾರ ಏರಿಸುತ್ತಿದ್ದರು. ಹೊರದೇಶದ ದೊಡ್ಡ ಆಸ್ಪತ್ರೆಗಳಲ್ಲೇ ನಡೆಯಿತು. ಬೇರೆ ಔಷಧಿ ಬಂತು, ಅಪಾಯವೂ ಗೊತ್ತಾಯಿತು, ಬಿಟ್ಟರು. ವೈದ್ಯಕೀಯ ಬೆಳೆಯೋದೇ ಹಾಗೆ. ಡಾಕ್ಟರುಗಳೇ ಬಿಟ್ಟ ಪದ್ಧತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಹಿರಿಯೂರು ಟೀಚರ್:
ನಾನು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಕಲಿಸುತ್ತೇನೆ. ಒಬ್ಬ ಹುಡುಗ ಇದ್ದಾನೆ, ಊರು ಹೆಸರು ಬೇಡ. ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಸೋಮವಾರ ಎರಡರ ಮಗ್ಗಿ ಪೂರ್ತಿ ಒಪ್ಪಿಸುತ್ತಾನೆ, ಬುಧವಾರ ಕೇಳಿದರೆ ಮೊದಲ ಸಲ ಕೇಳಿದವನ ಹಾಗೆ ನೋಡುತ್ತಾನೆ. ಚಪ್ಪಲಿ ಬಿಟ್ಟು, ಬ್ಯಾಗ್ ಇಟ್ಟು, ಪುಸ್ತಕ ತೆಗೆ ಅಂತ ಮೂರು ಮಾತು ಒಟ್ಟಿಗೆ ಹೇಳಿದರೆ ಚಪ್ಪಲಿ ಬಿಟ್ಟು ಅಲ್ಲೇ ನಿಲ್ಲುತ್ತಾನೆ. ಗುರುತಿಲ್ಲದವರ ಹಿಂದೆಯೂ ಕೈ ಹಿಡಿದು ಹೊರಟುಬಿಡುತ್ತಾನೆ. ಬೇರೆ ಟೀಚರುಗಳು ಸೋಮಾರಿ, ತುಂಟ ಅಂತ ಹೊಡೆದಿದ್ದೂ ಇದೆ.

ಒಂದು ದಿನ ಅವನ ತಾಯಿ ಬಂದಾಗ ತಾವಾಗೇ ಹೇಳಿದರು. ಇವನು ಹೊಟ್ಟೆಯಲ್ಲಿದ್ದಾಗ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ, ದಿನಾ ಸಂಜೆ ಕುಡಿಯುತ್ತಿದ್ದೆ, ಯಾರೂ ಬೇಡ ಅನ್ನಲಿಲ್ಲ ಟೀಚರೇ ಅಂತ. ಅವರನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಯಾರೂ ಬೇಡ ಅನ್ನಲಿಲ್ಲ ಅನ್ನೋದು ನಿಜವೇ ಅಲ್ವಾ? ಮೂಗಿನ ಕೆಳಗಿನ ಗುಳಿ ಅವನಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಸಪಾಟಾಗಿದೆ. ಮೇಲ್ತುಟಿಯೂ ತೆಳ್ಳಗೆ. ಇದು ಅದೇನಾ ಮೇಡಂ?

ಹೆರಿಗೆ ಡಾಕ್ಟರ್:
ನೀವು ಹೇಳಿದ್ದರಲ್ಲಿ ಬಹಳಷ್ಟು ಹೊಂದುತ್ತದೆ. ಸಪಾಟಾದ ಗುಳಿ, ತೆಳು ಮೇಲ್ತುಟಿ, ಕಣ್ಣಿನ ಅಗಲ ಕಡಿಮೆ ಇರೋದು, ಇವು ಮೂರೂ ಮುಖದಲ್ಲಿ ನೋಡುವ ಲಕ್ಷಣ. ಆದರೆ ಮುಖ ನೋಡಿ ನಾವೇ ಹೆಸರಿಡಬಾರದು. ಥೈರಾಯ್ಡ್, ಕಿವಿ ಕೇಳಿಸದಿರೋದು, ಹುಟ್ಟಿನಿಂದ ಬರುವ ಬೇರೆ ತೊಂದರೆ ಎಲ್ಲ ಪರೀಕ್ಷೆ ಆಗಬೇಕು. ಇನ್ನೊಂದು, ಈ ತೊಂದರೆ ಇರುವ ಮಕ್ಕಳಲ್ಲಿ ಬಹಳ ಜನರ ಮುಖ ಎಲ್ಲರ ಹಾಗೇ ಇರುತ್ತದೆ. ಮೆದುಳಿಗೆ ಮಾತ್ರ ಪೆಟ್ಟು ಬಿದ್ದಿರುತ್ತದೆ. ಅಂಥ ಮಕ್ಕಳಿಗೇ ಸೋಮಾರಿ ಅನ್ನುವ ಹೆಸರು ಬರೋದು. ಸೋಮವಾರ ಕಲಿತದ್ದು ಬುಧವಾರ ಮರೆಯೋದು ಅವನ ಹಟ ಅಲ್ಲ.

ಶಾಲೆಗೆ ಆರ್‌ಬಿಎಸ್‌ಕೆ ತಂಡ, ಅಂದರೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ತಂಡ ಬರುತ್ತದಲ್ಲ, ಅವರಿಗೆ ತೋರಿಸಿ. ಅವರು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳಿಸುತ್ತಾರೆ. ಪೂರ್ತಿ ವಾಸಿ ಆಗುವ ಔಷಧಿ ಇಲ್ಲ, ಇದು ಜೀವನಪೂರ್ತಿ ಇರುತ್ತದೆ. ಆದರೆ ಬೇಗ ಗುರುತಿಸಿ, ಹೊಡೆಯದೆ ಬಡಿಯದೆ ಅವನಿಗೆ ಹೊಂದುವ ಹಾಗೆ ಕಲಿಸಿದರೆ ತುಂಬಾ ವ್ಯತ್ಯಾಸ ಆಗುತ್ತದೆ.

ಹಿರಿಯೂರು ಟೀಚರ್:
ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಿದ್ದೇನೆ. ದಿನಾ ಒಂದೇ ಜಾಗದಲ್ಲಿ ಕೂರಿಸುತ್ತೇನೆ. ಬೋರ್ಡಿನ ಪಕ್ಕ ಚಿತ್ರ ಅಂಟಿಸಿದ್ದೇನೆ, ಚಪ್ಪಲಿ, ಬ್ಯಾಗ್, ಪುಸ್ತಕ, ಹೀಗೆ ಸಾಲಾಗಿ. ಚಿತ್ರ ನೋಡಿಕೊಂಡು ತಾನೇ ಮಾಡುತ್ತಾನೆ. ಹಾಡು ಮಾತ್ರ ಒಂದು ಸಲ ಕೇಳಿದರೆ ಸಾಕು, ಮರೆಯಲ್ಲ. ಮಗ್ಗಿಯನ್ನೂ ರಾಗ ಹಾಕಿ ಕಲಿಸಲು ಶುರು ಮಾಡಿದ್ದೇನೆ. ಮುಂದಿನ ಸಲ ತಂಡ ಬಂದಾಗ ಖಂಡಿತ ತೋರಿಸುತ್ತೇನೆ.

ಹರಿಹರ ಸೇತುವೆ:
ಟೀಚರ್, ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇರಬೇಕು.

ಶಾಮನೂರು ರೋಡ್:
ಎಲ್ಲ ತಾಯಿ ತಲೆಗೇ ಕಟ್ಟುತ್ತಿದ್ದೀರಿ. ಅಪ್ಪ ಕುಡಿದರೆ ಏನೂ ಆಗಲ್ವಾ?

ಹೆರಿಗೆ ಡಾಕ್ಟರ್:
ನ್ಯಾಯವಾದ ಪ್ರಶ್ನೆ. ನಾವು ಮಾತಾಡುತ್ತಿರುವ ಈ ತೊಂದರೆ ಬರೋದು ಬಸುರಿಯ ಮೈಯೊಳಗೆ ಮದ್ಯ ಹೋದರೆ ಮಾತ್ರ. ಅಪ್ಪನ ಕುಡಿತ ವೀರ್ಯವನ್ನು ಕೆಡಿಸುತ್ತದೆ, ಅದರ ಬಗ್ಗೆ ಇನ್ನೂ ಸಂಶೋಧನೆ ನಡೆಯುತ್ತಿದೆ. ಆದರೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಗಂಡ ದಿನಾ ಕುಡಿಯುವ ಮನೆಯಲ್ಲಿ ಬಸುರಿ ಬಿಡೋದು ತುಂಬಾ ಕಷ್ಟ. ಬಾಟಲಿ ಎದುರಿಗೇ ಇರುತ್ತದೆ. ಹಾಲು ಮೊಟ್ಟೆಗೆ ದುಡ್ಡು ಉಳಿಯಲ್ಲ. ಏಟು ಬಿದ್ದರೆ ಮಗುವಿಗೂ ಅಪಾಯ. ಒಂಬತ್ತು ತಿಂಗಳು ಗಂಡನೂ ಜೊತೆಗೆ ಬಿಡಬೇಕು ಅಂತ ನಾನು ಪ್ರತಿ ಜೋಡಿಗೂ ಹೇಳುತ್ತೇನೆ.

ಜಗಳೂರು ಆಶಾ:
ಮೇಡಂ, ನನಗೆ ಒಂದು ಸಹಾಯ ಬೇಕು. ನಮ್ಮ ಏರಿಯಾದಲ್ಲಿ ಒಬ್ಬಳಿಗೆ ಈಗ ಐದು ತಿಂಗಳು. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತೆ ಅಂತಾಳೆ. ನಾನು ಹೇಳಿದ ಮೇಲೆ ನಾಳೆಯಿಂದಲೇ ಪೂರ್ತಿ ಬಿಡುತ್ತೇನೆ ಅಂತ ದೇವರ ಮೇಲೆ ಆಣೆ ಮಾಡಿದ್ದಾಳೆ. ಒಳ್ಳೆಯದೇ ಅಲ್ವಾ?

ಹೆರಿಗೆ ಡಾಕ್ಟರ್:
ನಿಲ್ಲಿಸಿ, ಇದು ಮುಖ್ಯ. ಬೆಳಿಗ್ಗೆ ಕೈ ನಡುಗುವಷ್ಟು ಚಟ ಇದ್ದವರು ಮನೆಯಲ್ಲಿ ತಾವಾಗೇ ಒಮ್ಮೆಲೇ ಬಿಡಬಾರದು. ಫಿಟ್ಸ್ ಬರಬಹುದು, ಭ್ರಮೆ ಆಗಬಹುದು, ತಾಯಿ ಮಗು ಇಬ್ಬರಿಗೂ ಜೀವದ ಅಪಾಯ. ಬಿಡಲೇಬೇಕು, ಆದರೆ ಆಸ್ಪತ್ರೆಯಲ್ಲಿ ಸೇರಿಸಿ ಬಿಡಿಸಬೇಕು. ನಾಳೆಯವರೆಗೆ ಕಾಯಬೇಡಿ. ಇವತ್ತೇ ನಿಮ್ಮ ಪಿಎಚ್‌ಸಿ ಡಾಕ್ಟರಿಗೆ ಫೋನ್ ಮಾಡಿ, ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ. ಹೆರಿಗೆ ವಿಭಾಗ, ಮಾನಸಿಕ ವಿಭಾಗ ಎರಡೂ ಕಡೆ ನೋಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಹಗಲು ರಾತ್ರಿ ಸಲಹೆ ಸಿಗುತ್ತದೆ, ದುಡ್ಡಿಲ್ಲ.

ಜಗಳೂರು ಆಶಾ:
ಅಯ್ಯೋ, ಒಳ್ಳೆ ಸಮಯಕ್ಕೆ ಕೇಳಿದೆ. ಈಗಲೇ ಅವಳ ಮನೆಗೆ ಹೊರಟೆ.

ಮಂಡಕ್ಕಿ ಮಿರ್ಚಿ:
ಅಜ್ಜಿಗೆ ಓದಿ ಹೇಳಿದೆ. ಮೊದಲು ಸಿಟ್ಟಾದರು. ಆಮೇಲೆ "ಹಾಲಿಗೆ ಹೋಗುತ್ತೆ ಅಂದರೆ ಬೇಡ ಬಿಡು" ಅಂದರು. ಬಾಟಲಿ ಅಪ್ಪನ ಪಾಲಾಗದ ಹಾಗೆ ನೋಡಿಕೊಳ್ಳಬೇಕು.

ವಿದ್ಯಾನಗರ ರವೆ ಉಂಡೆ:
ಕಾಳುಮೆಣಸಿನ ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಿ, ಜಜ್ಜಿ ಹಾಕೋದಕ್ಕಿಂತ ರುಚಿ.

ನಿಟ್ಟುವಳ್ಳಿ ಅಕ್ಕ:
ಇವತ್ತು ತಂಗಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಕಾರ್ಡಿನಲ್ಲಿ ಬರೆದುಕೊಂಡರು. ಮಗುವಿನ ಎದೆಬಡಿತ ಚೆನ್ನಾಗಿದೆ. ಅತ್ತಿಗೆಯನ್ನೂ ಜೊತೆಗೆ ಕರೆದೊಯ್ದಿದ್ದೆ, ಇನ್ನು ತೆಗೆಸುವ ಮಾತಿಲ್ಲ. ತಂಗಿಯ ಗಂಡ ಮಗು ಆಗುವ ತನಕ ತಾನೂ ಮುಟ್ಟಲ್ಲ ಅಂದಿದ್ದಾರೆ, ನೋಡಬೇಕು.

ಕೋಟೆ ಹುಡುಗ:
ಒಳ್ಳೆಯದಾಗಲಿ ಅಕ್ಕ. ಒಂದು ಮಾತು. ನಮ್ಮ ಬಾಟಲಿಗಳ ಮೇಲೆ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅಂತ ಇದೆ. ಬಸುರಿಯರ ಬಗ್ಗೆ ಒಂದು ಸಾಲೂ ಇಲ್ಲ. ಈಗಷ್ಟೇ ಅಣ್ಣನ ಬಾಟಲಿ ತೆಗೆದು ನೋಡಿದೆ.

ಹಳೇ ಲೈಬ್ರರಿ:
ಅಮೆರಿಕದಲ್ಲಿ 1989ರಿಂದಲೇ ಬಸುರಿಯರು ಕುಡಿಯಬಾರದು ಅಂತ ಬಾಟಲಿ ಮೇಲೆ ಇದೆ. ನಮ್ಮಲ್ಲಿ ಓದು ಬರದವರೂ ಕೊಳ್ಳುತ್ತಾರೆ, ಚಿತ್ರವೇ ಬೇಕು.

ಬಾರ್ ಕ್ಯಾಷಿಯರ್, ಹೊಳಲ್ಕೆರೆ:
ಸರ್ಕಾರ ಹಾಕುವ ತನಕ ಯಾಕೆ ಕಾಯಬೇಕು? ಮಾಲೀಕರನ್ನು ಕೇಳಿದೆ, ಒಪ್ಪಿದರು. ಕೌಂಟರ್ ಪಕ್ಕ ಒಂದು ಬೋರ್ಡ್ ಹಾಕಿಸುತ್ತೇನೆ. ಹೆಂಗಸರು ಅಂಗಡಿಗೆ ಬರಲ್ಲ, ಕೊಂಡೊಯ್ಯುವ ಗಂಡಸರು ಓದಲಿ. "ಬಸುರಿ ಕುಡಿದರೆ ಮಗು ಹುಚ್ಚಾಗುತ್ತೆ" ಅಂತ ಬರೆಸಲಾ?

ಹಿರಿಯೂರು ಟೀಚರ್:
ದಯವಿಟ್ಟು ಹಾಗೆ ಬೇಡಣ್ಣ. ನಮ್ಮ ಹುಡುಗನ ತಾಯಿ ಅದನ್ನು ಓದಿದರೆ?

ಹೆರಿಗೆ ಡಾಕ್ಟರ್:
ಹೀಗೆ ಬರೆಸಿ: "ಬಸುರಿಗೆ ಮದ್ಯ ಕೊಡಬೇಡಿ. ಬಿಯರ್, ವೈನ್, ಬ್ರಾಂದಿ ಯಾವುದೂ ಬೇಡ. ಮಗುವಿನ ಮೆದುಳಿಗೆ ಪೆಟ್ಟು. ಬಿಡಲು ಸಹಾಯಕ್ಕೆ 14416." ಚಿತ್ರವನ್ನೂ ಹಾಕಿಸಿ.

ಬಾರ್ ಕ್ಯಾಷಿಯರ್, ಹೊಳಲ್ಕೆರೆ:
ಕೊಡಬೇಡಿ ಅನ್ನೋದು ಸರಿಯಾಗಿದೆ ಮೇಡಂ. ನಾಳೆ ಪೇಂಟರ್‌ಗೆ ಹೇಳುತ್ತೇನೆ.

ಜಗಳೂರು ಆಶಾ:
ಅಡ್ಮಿಟ್ ಮಾಡಿಕೊಂಡರು. ಅವಳ ಅತ್ತೆ ಜೊತೆಗೆ ಉಳಿದಿದ್ದಾರೆ, ನಾನು ಈಗ ಬಸ್ ಹತ್ತಿದೆ. ಅಣ್ಣಾ, ಬೋರ್ಡ್ ಆದ ಮೇಲೆ ಫೋಟೋ ಹಾಕಿ. ನಮ್ಮ ಊರ ಅಂಗಡಿಯವರಿಗೂ ತೋರಿಸುತ್ತೇನೆ.